ಮೆದುಳಿಗೆ ಪೆಟ್ಟಾದವರ ಜೊತೆ ಕೆಲಸ: ಸರ್ಟಿಫಿಕೇಟ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ

ಪ್ರಶ್ನೆ: ನಾನು ಸೈಕಾಲಜಿಯಲ್ಲಿ ಡಿಗ್ರಿ ಮಾಡಿದ್ದೇನೆ. ಕೆಲವು ತಿಂಗಳಿಂದ ಒಂದು ರಿಹ್ಯಾಬ್ ಕೇಂದ್ರದಲ್ಲಿ ಸಹಾಯಕಿಯಾಗಿದ್ದೇನೆ. ಅಪಘಾತದಲ್ಲಿ ತಲೆಗೆ ಪೆಟ್ಟಾದವರು, ಸ್ಟ್ರೋಕ್ ಆದವರು ಇಲ್ಲಿಗೆ ಬರುತ್ತಾರೆ. ಸಿಬಿಐಎಸ್ ಎಂಬ ಸರ್ಟಿಫಿಕೇಟ್ ಮಾಡಿಕೊಂಡರೆ ಒಳ್ಳೆಯದು ಎಂದು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಹೇಳಿದರು. ಅದನ್ನು ಮಾಡಿದರೆ ಥೆರಪಿಸ್ಟ್ ಆಗಬಹುದಾ? ಮೆದುಳಿನ ಅನಾಟಮಿ ಎಂದರೆ ನನಗೆ ಮೊದಲಿನಿಂದಲೂ ಭಯ. ಹೇಗೆ ಓದಲಿ? ಇನ್ನೊಂದು ವಿಷಯ. ನಾನು ನೋಡಿಕೊಳ್ಳುವ ಒಬ್ಬರು ದಿನಾ ನನ್ನ ಮೇಲೆ ಕೂಗಾಡುತ್ತಾರೆ, ಒಮ್ಮೆ ಕೈಯನ್ನೂ ಎತ್ತಿದರು. ಈ ಕೆಲಸ ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಾಗುತ್ತಿಲ್ಲ.

ಉತ್ತರ: ಥೆರಪಿಸ್ಟ್ ಆಗಬಹುದಾ ಎಂದರೆ, ಇಲ್ಲ. ಸರ್ಟಿಫಿಕೇಟ್ ಮಾಡಿಕೊಳ್ಳಲಾ ಎಂದರೆ, ಖಂಡಿತ ಮಾಡಿಕೊಳ್ಳಿ. ಇನ್ನು ಕೂಗಾಡುವವರ ಮಾತು. ಅದನ್ನು ಪತ್ರದ ಕೊನೆಗೆ ‘ಇನ್ನೊಂದು ವಿಷಯ’ ಎಂದು ಸೇರಿಸಿದ್ದೀರಿ. ನನ್ನ ಪ್ರಕಾರ ಮುಖ್ಯ ಪ್ರಶ್ನೆಯೇ ಅದು. ಆ ಪರೀಕ್ಷೆ ಕೂಡ ಸುತ್ತಿ ಬಳಸಿ ಅದನ್ನೇ ಕೇಳುತ್ತದೆ: ಎದುರಿಗಿರುವವರು ಹೀಗೇಕೆ ನಡೆದುಕೊಳ್ಳುತ್ತಿದ್ದಾರೆ, ಈಗ ನೀವೇನು ಮಾಡುತ್ತೀರಿ? ಅಲ್ಲಿಗೆ ಬರುತ್ತೇನೆ. ಮೊದಲು ಸರ್ಟಿಫಿಕೇಟ್ ವಿಚಾರ ಮುಗಿಸೋಣ.

ಸಿಬಿಐಎಸ್ ಎಂದರೆ ಸರ್ಟಿಫೈಡ್ ಬ್ರೇನ್ ಇಂಜುರಿ ಸ್ಪೆಷಲಿಸ್ಟ್. ಇದನ್ನು ಕೊಡುವುದು ಬ್ರೇನ್ ಇಂಜುರಿ ಅಸೋಸಿಯೇಷನ್ ಆಫ್ ಅಮೆರಿಕ ನಡೆಸುವ ಒಂದು ಅಕಾಡೆಮಿ. ಆ ಅಸೋಸಿಯೇಷನ್ 1980ರಲ್ಲಿ ನ್ಯಾಷನಲ್ ಹೆಡ್ ಇಂಜುರಿ ಫೌಂಡೇಷನ್ ಎಂಬ ಹೆಸರಿನಲ್ಲಿ ಶುರುವಾಯಿತು. ಅದರ ಹಿಂದೆ ಇದ್ದವರು ತಲೆಗೆ ಪೆಟ್ಟಾದವರ ಮನೆಯವರು. ಈ ಹಿನ್ನೆಲೆ ಗೊತ್ತಿದ್ದರೆ ಸರ್ಟಿಫಿಕೇಟ್ ಯಾಕೆ ಹೀಗಿದೆ ಎಂದು ಅರ್ಥವಾಗುತ್ತದೆ. ಡಾಕ್ಟರು, ನರ್ಸು, ಸ್ಪೀಚ್ ಥೆರಪಿಸ್ಟ್ ಎಲ್ಲರಿಗೂ ಅವರವರ ಓದು, ಅವರವರ ಲೈಸೆನ್ಸ್ ಇದೆ. ಆದರೆ ಪೆಟ್ಟಾದವರು ದಿನದಲ್ಲಿ ಥೆರಪಿಸ್ಟ್ ಎದುರು ಕೂರುವುದು ಕೆಲವೇ ಗಂಟೆ. ಎದ್ದು ಹಲ್ಲುಜ್ಜುವಾಗ, ಊಟ ಮಾಡುವಾಗ, ರಾತ್ರಿ ಎಚ್ಚರವಾಗಿ ‘ನಾನೆಲ್ಲಿದ್ದೇನೆ’ ಎಂದು ಕೇಳುವಾಗ ಪಕ್ಕದಲ್ಲಿರುವವರು ನಿಮ್ಮಂಥವರು. ಆ ಹೊತ್ತಿನಲ್ಲಿ ಜೊತೆಗಿರುವವರಿಗೂ ಒಂದು ಮಟ್ಟದ ತಿಳಿವಳಿಕೆ ಇರಲಿ, ಅದನ್ನು ಪರೀಕ್ಷೆ ಮಾಡಿಯೇ ನೋಡೋಣ ಎಂಬುದು ಇದರ ಉದ್ದೇಶ.

ಹಾಗಾಗಿಯೇ ಇದಕ್ಕೆ ದೊಡ್ಡ ಡಿಗ್ರಿ ಕೇಳುವುದಿಲ್ಲ. ಹೈಸ್ಕೂಲ್ ಮಟ್ಟದ ಓದು ಮುಗಿದಿದ್ದರೆ ಸಾಕು. ಕೇಳುವುದು ಅನುಭವ. ಮೆದುಳಿಗೆ ಪೆಟ್ಟಾದವರ ಜೊತೆ ನೇರವಾಗಿ ಕೆಲಸ ಮಾಡಿದ 500 ಗಂಟೆ ಬೇಕು, ಅದು ಖಚಿತಪಡಿಸಿಕೊಳ್ಳುವಂತಿರಬೇಕು. ಸಂಬಳದ ಕೆಲಸವಾಗಿರಬಹುದು, ಕೋರ್ಸಿನ ಭಾಗವಾದ ಇಂಟರ್ನ್‌ಶಿಪ್ ಆಗಿರಬಹುದು. ಸುಮ್ನೆ ಸೇವೆ ಅಂತ ಹೋಗಿ ಮಾಡಿದ ವಾಲಂಟಿಯರ್ ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲ. ಗಂಟೆ ತುಂಬದೆ ಇರುವವರಿಗೆ ಪ್ರೊವಿಷನಲ್ ಎಂಬ ಕೆಳಗಿನ ಮೆಟ್ಟಿಲು ಇದೆ. ಮೇಲೆ ತರಬೇತಿ ಕೊಡುವವರಿಗಾಗಿ ಟ್ರೈನರ್ ಮಟ್ಟ ಇದೆ, ಅದರ ಚಿಂತೆ ನಿಮಗೆ ಈಗ ಬೇಡ. ಪರೀಕ್ಷೆ ಮಲ್ಟಿಪಲ್ ಚಾಯ್ಸ್, ಮೇಲ್ವಿಚಾರಣೆಯಲ್ಲಿ ಬರೆಯಬೇಕು. ಪಾಸಾದ ಮೇಲೂ ಕೈ ತೊಳೆದುಕೊಳ್ಳುವಂತಿಲ್ಲ. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕಾಗಿ ಆ ವರ್ಷದಲ್ಲಿ 10 ಗಂಟೆಯ ಕಲಿಕೆ ತೋರಿಸಬೇಕು. ಶುಲ್ಕ, ಫಾರ್ಮು, ಪರೀಕ್ಷೆಯ ದಿನ ಇವೆಲ್ಲ ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವಾರದಲ್ಲಿ ಅಕಾಡೆಮಿಯ ಕೈಪಿಡಿಯನ್ನೇ ತೆರೆದು ನೋಡಿ, ಬೇರೆಯವರ ಮಾತು ನಂಬಬೇಡಿ. ನನ್ನ ಮಾತನ್ನೂ.

ಈಗ ‘ಇಲ್ಲ’ ಎಂದಿದ್ದಕ್ಕೆ ಕಾರಣ. ಸರ್ಟಿಫಿಕೇಟ್ ಎಂದರೆ ನಿಮಗೆ ಇಷ್ಟು ಗೊತ್ತಿದೆ ಎಂದು ಒಂದು ಸಂಸ್ಥೆ ಹೇಳುವುದು. ಲೈಸೆನ್ಸ್ ಎಂದರೆ ಇಂಥ ಕೆಲಸ ನೀವು ಮಾಡಬಹುದು ಎಂದು ಕಾನೂನು ಹೇಳುವುದು. ಸಿಬಿಐಎಸ್ ಇದ್ದ ಮಾತ್ರಕ್ಕೆ ನೀವು ನುಂಗುವ ತೊಂದರೆಯನ್ನು ಪರೀಕ್ಷೆ ಮಾಡುವಂತಿಲ್ಲ, ನೆನಪಿನ ಟೆಸ್ಟ್ ಮಾಡಿ ವರದಿ ಬರೆಯುವಂತಿಲ್ಲ, ಕೌನ್ಸೆಲಿಂಗ್ ಮಾಡುತ್ತೇನೆ ಎಂದು ಬೋರ್ಡ್ ಹಾಕುವಂತಿಲ್ಲ. ಥೆರಪಿಸ್ಟ್ ಆಗಬೇಕಾದರೆ ಆ ದಾರಿ ಬೇರೆ, ಉದ್ದ ಕೂಡ. ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವುದು), ಸ್ಪೀಚ್ ಥೆರಪಿ, ಫಿಸಿಯೋಥೆರಪಿ ಇವುಗಳಲ್ಲಿ ಒಂದನ್ನು ಕಾಲೇಜಿನಲ್ಲಿ ಓದಬೇಕು, ನೀವಿರುವ ದೇಶದ ನಿಯಮದ ಪ್ರಕಾರ ನೋಂದಣಿ ಆಗಬೇಕು. ನಿಮ್ಮದು ಸೈಕಾಲಜಿ ಆದ್ದರಿಂದ ನ್ಯೂರೋಸೈಕಾಲಜಿ, ಅಂದರೆ ಮೆದುಳಿಗೂ ನಡವಳಿಕೆಗೂ ಇರುವ ನಂಟಿನ ಓದು, ಆ ಕಡೆ ಹೋಗಬಹುದು. ಅದಕ್ಕೆ ಮಾಸ್ಟರ್ಸ್, ಹಲವು ಕಡೆ ಡಾಕ್ಟರೇಟ್ ತನಕ ಓದಬೇಕಾಗುತ್ತದೆ. ಬೇರೆ ವೃತ್ತಿಯವರಿಗೆ ಬೇರೆ ಬೇರೆ ಪರೀಕ್ಷೆಗಳಿವೆ. ಅಮೆರಿಕದಲ್ಲಿ ರಿಹ್ಯಾಬ್ ನರ್ಸುಗಳಿಗೆ ಸಿಆರ್‌ಆರ್‌ಎನ್ ಎಂಬುದಿದೆ. ಡಾಕ್ಟರುಗಳಿಗೆ ಬ್ರೇನ್ ಇಂಜುರಿ ಮೆಡಿಸಿನ್ ಎಂಬ ಉಪವಿಭಾಗವೇ ಇದೆ, ಅದರ ಮೊದಲ ಪರೀಕ್ಷೆ ನಡೆದದ್ದು 2014ರಲ್ಲಿ. ಎಲ್ಲದರ ಹೆಸರಲ್ಲೂ ‘ಸರ್ಟಿಫೈಡ್’ ಇರುತ್ತದೆ. ಎಲ್ಲವೂ ಒಂದೇ ಅಲ್ಲ.

ಒಂದು ಎಚ್ಚರಿಕೆ. ಎರಡು ದಿನ ವಿಡಿಯೋ ನೋಡಿದರೆ ‘ಬ್ರೇನ್ ಎಕ್ಸ್‌ಪರ್ಟ್’ ಎಂದು ಬಣ್ಣದ ಕಾಗದ ಕೊಡುವ ಕೋರ್ಸುಗಳು ಈಗ ಜಾಸ್ತಿ. ಯಾವ ಸರ್ಟಿಫಿಕೇಟ್ ಆದರೂ ದುಡ್ಡು ಕಟ್ಟುವ ಮೊದಲು ವಿಚಾರಿಸಿ. ಕೆಲಸದ ಅನುಭವ ಕೇಳುತ್ತಾರಾ? ಪರೀಕ್ಷೆಯಲ್ಲಿ ಫೇಲ್ ಆಗುವ ಸಾಧ್ಯತೆ ಇದೆಯಾ? ವರ್ಷ ಕಳೆದ ಮೇಲೆ ನವೀಕರಿಸಬೇಕಾ? ನೀವು ಕೆಲಸಕ್ಕೆ ಹೋಗಬೇಕೆಂದಿರುವ ಕಡೆ ಆ ಹೆಸರು ಯಾರಿಗಾದರೂ ಗೊತ್ತಾ? ಮೂರ್ನಾಲ್ಕಕ್ಕೂ ‘ಇಲ್ಲ’ ಎಂದಾದರೆ ಅದು ಗೋಡೆಗೆ ಹಾಕುವ ಕಾಗದ ಅಷ್ಟೆ. ಕೊನೆಯ ಪ್ರಶ್ನೆಯನ್ನು ಸಿಬಿಐಎಸ್‌ಗೂ ಕೇಳಿ. ಅಮೆರಿಕದ ರಿಹ್ಯಾಬ್ ಕೇಂದ್ರಗಳಲ್ಲಿ ಅದಕ್ಕೆ ಬೆಲೆ ಇದೆ. ಬೇರೆ ಕಡೆ ಕೆಲಸ ಕೊಡುವವರು ಹೆಸರೇ ಕೇಳಿರದೆ ಇರಬಹುದು. ಹಾಗಿದ್ದರೂ ಓದಿದ್ದು ಎಲ್ಲೂ ಹೋಗುವುದಿಲ್ಲ, ಆದರೆ ಸಂಬಳ ಏರುತ್ತದೆ ಎಂಬ ಆಸೆಯಿಂದ ಮಾಡಬೇಡಿ.

ಗಂಟೆಗಳ ಲೆಕ್ಕಕ್ಕೆ ಬರೋಣ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ ಎಂದು ಹಿಡಿದರೆ 500 ಗಂಟೆ ಮೂರು ತಿಂಗಳಲ್ಲಿ ಮುಗಿದಂತೆ ಕಾಣುತ್ತದೆ. ನೀವು ಆಗಲೇ ದಾಟಿರಬಹುದು. ಆದರೆ ನೇರ ಸಂಪರ್ಕದ ಗಂಟೆ ಮಾತ್ರ ಎಣಿಸಬೇಕು. ಫೈಲ್ ಜೋಡಿಸಿದ್ದು, ಸ್ಟೋರ್‌ರೂಮಿನ ಲೆಕ್ಕ ಬರೆದದ್ದು ಬರುವುದಿಲ್ಲ. ನಿಮ್ಮ ಕೇಂದ್ರದಲ್ಲಿ ಬೆನ್ನುಹುರಿಯ ಪೆಟ್ಟಿನವರು ಅಥವಾ ಮೂಳೆ ಮುರಿದವರು ಮಾತ್ರ ಇರುವ ವಾರ್ಡ್ ಇದ್ದರೆ ಅಲ್ಲಿಯ ಡ್ಯೂಟಿಯೂ ಇದಕ್ಕೆ ಸೇರುವುದಿಲ್ಲ. ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಗಂಟೆ, ಯಾವ ರೀತಿಯ ಪೆಟ್ಟು, ಏನು ಮಾಡಿದಿರಿ, ಇಷ್ಟೇ. ರೋಗಿಯ ಹೆಸರು ಬೇಡ. ವಾರಕ್ಕೊಮ್ಮೆ ಮೇಲ್ವಿಚಾರಕರ ಸಹಿ ಹಾಕಿಸಿ. ವರ್ಷ ಕಳೆದ ಮೇಲೆ ಅವರು ಕೆಲಸ ಬಿಟ್ಟು ಹೋಗಿರುತ್ತಾರೆ, ಆಗ ಸಹಿಗಾಗಿ ಹುಡುಕಾಡುವುದು ಕಷ್ಟ.

ಎಷ್ಟು ಗಂಟೆ ಎಂಬುದಕ್ಕಿಂತ ಎಂಥ ಗಂಟೆ ಎಂಬುದು ಮುಖ್ಯ. ಒಬ್ಬರನ್ನೇ, ಒಂದೇ ಶಿಫ್ಟಿನಲ್ಲಿ, ಒಂದೇ ಕೆಲಸಕ್ಕಾಗಿ ನೋಡಿ 500 ಗಂಟೆ ತುಂಬಿಸಿದವರು ನಿಯಮದ ಪ್ರಕಾರ ಪರೀಕ್ಷೆಗೆ ಅರ್ಹರು, ಅಷ್ಟೆ. ನಿಮಗೆ ಸಾಧ್ಯವಾದರೆ ಬೆಳಗಿನ ಪಾಳಿಯಲ್ಲಿ ಕಂಡವರನ್ನು ಸಂಜೆಯೂ ನೋಡಿ. ಬೆಳಿಗ್ಗೆ ಸಮಾಧಾನವಾಗಿ ಮಾತಾಡಿದವರು ಸಂಜೆ ಐದಕ್ಕೆ ಬೇರೆಯೇ ಮನುಷ್ಯ ಆಗಿರುತ್ತಾರೆ. ಮೆದುಳು ದಣಿದಿರುತ್ತದೆ. ನಮಗೆ ಲೆಕ್ಕಕ್ಕೇ ಇಲ್ಲದ ಕೆಲಸ, ಉದಾಹರಣೆಗೆ ನಾಲ್ಕು ಜನ ಮಾತಾಡುವ ಕಡೆ ಒಬ್ಬರ ಮಾತು ಕೇಳಿಸಿಕೊಳ್ಳುವುದು, ಅವರಿಗೆ ಮೂಟೆ ಹೊತ್ತಷ್ಟು ಆಯಾಸ. ಸ್ಪೀಚ್ ಥೆರಪಿಸ್ಟ್ ಕೆಲಸ ಮಾಡುವಾಗ ಮೂಲೆಯಲ್ಲಿ ಕೂತು ನೋಡಲು ಅನುಮತಿ ಕೇಳಿ. ಮನೆಯವರು ಭೇಟಿಗೆ ಬಂದಾಗ ಹೇಗಿರುತ್ತಾರೆ, ಹೋದ ಮೇಲೆ ಹೇಗಿರುತ್ತಾರೆ ಗಮನಿಸಿ. ಇದೆಲ್ಲ ಪರೀಕ್ಷೆಯಲ್ಲಿ ಬೇರೆ ವೇಷದಲ್ಲಿ ಬರುತ್ತದೆ.

ಈಗ ಓದು. ಅಸೋಸಿಯೇಷನ್ ಪ್ರಕಟಿಸುವ ಗೈಡ್ ಪುಸ್ತಕವೇ ಪರೀಕ್ಷೆಗೆ ಆಧಾರ. ಮೆದುಳಿನ ರಚನೆ, ಪೆಟ್ಟಿನ ವಿಧಗಳು, ದೇಹದ ತೊಂದರೆ, ನೆನಪು ಮತ್ತು ಗಮನ, ನಡವಳಿಕೆ, ಮಕ್ಕಳು, ಕುಟುಂಬ, ಕಾನೂನು ಮತ್ತು ನೀತಿ, ಎಲ್ಲವೂ ಅದರಲ್ಲಿದೆ. ಅನಾಟಮಿಯಿಂದ ಶುರು ಮಾಡಬೇಡಿ, ನಿಮಗೆ ಭಯ ಇದೆಯಲ್ಲ. ತಿರುಗಿಸಿ ಓದಿ. ನಿಮಗೆ ಗೊತ್ತಿರುವ ಒಬ್ಬರನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ತಟ್ಟೆಯ ಎಡಭಾಗದ ಊಟ ಹಾಗೇ ಬಿಡುತ್ತಾರೆ, ಎಡಗೈ ಇದೆ ಎಂಬುದೇ ಮರೆತಂತಿದ್ದಾರೆ. ಯಾಕೆ ಎಂದು ಹುಡುಕಿದರೆ ಬಲಭಾಗದ ಪೆರೈಟಲ್ ಲೋಬ್, ಅಂದರೆ ಮೆದುಳಿನ ಮೇಲ್ಗಡೆಯ ಹಿಂಭಾಗ, ಸಿಗುತ್ತದೆ. ಇನ್ನೊಬ್ಬರಿಗೆ ನಾವು ಹೇಳಿದ್ದು ಅರ್ಥವಾಗುತ್ತದೆ, ಹೇಳಬೇಕಾದ ಮಾತು ಬಾಯಿಗೆ ಬರುವುದಿಲ್ಲ. ಅಲ್ಲಿ ಎಡ ಫ್ರಂಟಲ್ ಭಾಗದ, ಅಂದರೆ ಮೆದುಳಿನ ಮುಂಭಾಗದ, ಬ್ರೋಕಾ ಪ್ರದೇಶ ಸಿಗುತ್ತದೆ. ಮತ್ತೊಬ್ಬರು ಸರಾಗವಾಗಿ ಮಾತಾಡುತ್ತಾರೆ, ಆದರೆ ಮಾತಿಗೆ ಅರ್ಥವಿಲ್ಲ, ನಮ್ಮ ಮಾತೂ ಅವರಿಗೆ ತಲುಪುತ್ತಿಲ್ಲ. ಅದು ಟೆಂಪೊರಲ್ ಲೋಬಿನ, ಅಂದರೆ ಕಿವಿಯ ಹತ್ತಿರದ ಭಾಗದ, ವರ್ನಿಕೆ ಪ್ರದೇಶ. ಹೀಗೆ ಹತ್ತು ಜನರನ್ನು ಹಿಡಿದು ಹಿಂದಕ್ಕೆ ಹೋದರೆ ಚಿತ್ರ ತಾನಾಗಿ ತುಂಬಿಕೊಳ್ಳುತ್ತದೆ. ಹೆಸರುಗಳನ್ನು ಉರು ಹೊಡೆದರೆ ಪರೀಕ್ಷೆಯ ಹಿಂದಿನ ದಿನವೇ ಮರೆತು ಹೋಗುತ್ತವೆ.

ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ. ಸ್ಟ್ರೋಕ್‌ನಲ್ಲಿ ಸಾಮಾನ್ಯವಾಗಿ ಒಂದು ಜಾಗಕ್ಕೆ ಹಾನಿ, ಅದನ್ನು ನಕ್ಷೆಯಲ್ಲಿ ತೋರಿಸಬಹುದು. ಅಪಘಾತದ ಪೆಟ್ಟು ಹಾಗಲ್ಲ. ತಲೆ ವೇಗದಲ್ಲಿದ್ದು ತಟ್ಟನೆ ನಿಂತಾಗ ಅಥವಾ ತಿರುಚಿದಾಗ ಮೆದುಳಿನ ಒಳಗಿನ ಉದ್ದನೆಯ ನರತಂತುಗಳು ಎಲ್ಲೆಲ್ಲೋ ಎಳೆದು ಹರಿಯುತ್ತವೆ. ಇದಕ್ಕೆ ಡಿಫ್ಯೂಸ್ ಆಕ್ಸಾನಲ್ ಇಂಜುರಿ ಎನ್ನುತ್ತಾರೆ. ಸಿಟಿ ಸ್ಕ್ಯಾನ್‌ನಲ್ಲಿ ಇದು ಕಾಣದೆ ಇರಬಹುದು. ‘ಸ್ಕ್ಯಾನ್ ನಾರ್ಮಲ್ ಇದೆ, ಹಾಗಾದರೆ ನಾಟಕ ಮಾಡುತ್ತಿದ್ದಾರೆ’ ಎಂದು ಮನೆಯವರು ಹೇಳುವುದು ಕೇಳಿರುತ್ತೀರಿ. ಆ ಮಾತಿಗೆ ಉತ್ತರ ಇಲ್ಲಿದೆ.

ಅಳತೆಗೋಲುಗಳನ್ನು ಚೆನ್ನಾಗಿ ಕಲಿಯಿರಿ, ಪ್ರಶ್ನೆಗಳು ಬರುವ ಜಾಗ ಅದು. ಗ್ಲಾಸ್ಗೋ ಕೋಮಾ ಸ್ಕೇಲ್ ಬಂದದ್ದು 1974ರಲ್ಲಿ, ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ ಅವರಿಂದ. ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಒಟ್ಟು 15. ಅತಿ ಕಡಿಮೆ ಎಂದರೆ 3, ಸೊನ್ನೆ ಇಲ್ಲ. 13ರಿಂದ 15 ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ತೀವ್ರ. ಇದು ಆ ಹೊತ್ತಿನ ಪ್ರಜ್ಞೆಯ ಅಳತೆ. ಮುಂದೆ ಜೀವನ ಹೇಗಿರುತ್ತದೆ ಎಂದು ತಿಳಿಯಲು ಇನ್ನೊಂದನ್ನು ನೋಡುತ್ತಾರೆ: ಪೆಟ್ಟಾದ ಮೇಲೆ ಹೊಸ ನೆನಪು ನಿಲ್ಲದ ಸ್ಥಿತಿ ಎಷ್ಟು ದಿನ ಇತ್ತು. ಇದು ಪೋಸ್ಟ್ ಟ್ರಾಮಾಟಿಕ್ ಅಮ್ನೀಸಿಯಾ. ಈ ಹಂತದಲ್ಲಿ ಮನುಷ್ಯ ಎಚ್ಚರವಾಗಿರುತ್ತಾನೆ, ಮಾತಾಡುತ್ತಾನೆ, ನಡೆಯಲೂಬಹುದು. ಬೆಳಿಗ್ಗೆ ಬಂದು ಹೋದ ಹೆಂಡತಿಯನ್ನು ಮಧ್ಯಾಹ್ನ ‘ಬರಲೇ ಇಲ್ಲ’ ಎನ್ನುತ್ತಾನೆ. ಇದು ಉದ್ದವಾದಷ್ಟೂ ಚೇತರಿಕೆ ಕಷ್ಟ.

ಮೂರನೆಯದು ರ‍್ಯಾಂಚೊ ಲಾಸ್ ಅಮಿಗೋಸ್ ಸ್ಕೇಲ್. ಕ್ಯಾಲಿಫೋರ್ನಿಯಾದ ಅದೇ ಹೆಸರಿನ ಆಸ್ಪತ್ರೆಯಲ್ಲಿ 1970ರ ದಶಕದಲ್ಲಿ ರೂಪುಗೊಂಡಿತು. ಚೇತರಿಕೆ ಎಲ್ಲಿಗೆ ಬಂದಿದೆ ಎಂದು ಹಂತಗಳಲ್ಲಿ ಹೇಳುವ ಸ್ಕೇಲ್ ಇದು. ಮೊದಲು 8 ಹಂತಗಳಿದ್ದವು, ಆಮೇಲೆ 10 ಆದವು. ಯಾವುದಕ್ಕೂ ಪ್ರತಿಕ್ರಿಯೆ ಇಲ್ಲದ ಒಂದನೇ ಹಂತದಿಂದ ಶುರುವಾಗಿ ಮೇಲಕ್ಕೆ ಹೋಗುತ್ತದೆ. ಎಲ್ಲ ಹಂತಗಳನ್ನೂ ಓದಿ. ನಾಲ್ಕನೆಯದನ್ನು ಎರಡು ಸಲ ಓದಿ. ಗೊಂದಲ, ಕೆರಳುವಿಕೆ, ಕೂಗಾಟ, ಟ್ಯೂಬು ಕಿತ್ತುಹಾಕುವುದು, ಎದ್ದು ಓಡಲು ನೋಡುವುದು, ಹೊಡೆಯಲು ಬರುವುದು. ಗಮನಿಸಬೇಕಾದ್ದು ಇದು: ಮೂರಕ್ಕಿಂತ ನಾಲ್ಕು ಮೇಲಿನ ಹಂತ. ಅಂದರೆ ಅದು ಚೇತರಿಕೆಯ ದಾರಿಯಲ್ಲಿ ಬರುವ ಒಂದು ಘಟ್ಟ. ಸುಮ್ಮನೆ ಮಲಗಿದ್ದವರು ಈಗ ಕೂಗಾಡುತ್ತಿದ್ದಾರೆ ಎಂದು ಮನೆಯವರು ಹೆದರುತ್ತಾರೆ. ಟೀಮಿನಲ್ಲಿದ್ದವರಿಗೆ ಅದರಲ್ಲಿ ಒಂದು ಒಳ್ಳೆಯ ಸುದ್ದಿಯೂ ಕಾಣುತ್ತದೆ.

ಫಿನಿಯಸ್ ಗೇಜ್ ಕಥೆ ನೀವು ಸೈಕಾಲಜಿಯಲ್ಲಿ ಓದಿಯೇ ಇರುತ್ತೀರಿ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಯ ಕೆಲಸದಲ್ಲಿ ಕಬ್ಬಿಣದ ಸಲಾಕೆ ತಲೆಯ ಮುಂಭಾಗದಿಂದ ತೂರಿ ಹೋಯಿತು, ಮನುಷ್ಯ ಬದುಕಿದ, ಸ್ವಭಾವ ಬದಲಾಯಿತು. ಕ್ಲಾಸಿನಲ್ಲಿ ಕಥೆ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಆತ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ ಎಂಬುದನ್ನು ಹೇಳುವವರು ಕಡಿಮೆ. ಬೆಳಗಾದರೆ ಕುದುರೆ ಕಟ್ಟು, ಪ್ರಯಾಣಿಕರನ್ನು ಹತ್ತಿಸಿಕೋ, ಅದೇ ದಾರಿ, ಅದೇ ಹೊತ್ತು. ಇಂಥ ಕಟ್ಟುನಿಟ್ಟಾದ ದಿನಚರಿಯೇ ಆತನನ್ನು ಮತ್ತೆ ನಿಲ್ಲಿಸಿರಬಹುದು ಎಂದು ಈಚಿನ ಕೆಲವು ಸಂಶೋಧಕರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಫ್ರಂಟಲ್ ಲೋಬ್ ಪೆಟ್ಟಾದವರಿಗೆ ಯೋಜನೆ ಹಾಕುವುದು, ಶುರು ಮಾಡುವುದು, ನಿಲ್ಲಿಸುವುದು ಕಷ್ಟ. ಒಳಗೆ ಇಲ್ಲದ್ದನ್ನು ಹೊರಗಿನ ವ್ಯವಸ್ಥೆ ತುಂಬಿಕೊಡುತ್ತದೆ. ‘ಸೋಮಾರಿ, ಹೇಳುವ ತನಕ ಏಳುವುದೇ ಇಲ್ಲ’ ಎಂದು ನಿಮ್ಮ ವಾರ್ಡಿನಲ್ಲಿ ಯಾರ ಬಗ್ಗೆಯಾದರೂ ಮಾತು ಬಂದರೆ ಇದನ್ನು ನೆನಪಿಸಿಕೊಳ್ಳಿ. ಏಳಬೇಕೆಂದು ಗೊತ್ತಿದ್ದೂ ಏಳುವ ಕ್ರಿಯೆ ಶುರುವಾಗದೆ ಇರುವುದು ಪೆಟ್ಟಿನ ಒಂದು ಲಕ್ಷಣ.

ಇದೇ ರೀತಿ ಬೆರೆಸಿಬಿಡುವ ಇನ್ನೊಂದು ಜೋಡಿ ಇದೆ. ‘ನನಗೇನೂ ಆಗಿಲ್ಲ, ನಾಳೆಯಿಂದ ಗಾಡಿ ಓಡಿಸುತ್ತೇನೆ’ ಎನ್ನುವವರು. ಕೆಲವರಿಗೆ ಸತ್ಯ ಗೊತ್ತಿದ್ದೂ ಒಪ್ಪಲು ಮನಸ್ಸಿಲ್ಲ. ಇನ್ನು ಕೆಲವರಿಗೆ ತಮಗೆ ತೊಂದರೆ ಇದೆ ಎಂದು ಗುರುತಿಸುವ ಶಕ್ತಿಗೇ ಪೆಟ್ಟಾಗಿರುತ್ತದೆ, ಅದಕ್ಕೆ ಅನೊಸೊಗ್ನೋಸಿಯಾ ಎನ್ನುತ್ತಾರೆ. ಮೊದಲನೆಯವರಿಗೆ ಸಮಯ, ಸಾಂತ್ವನ ಬೇಕು. ಎರಡನೆಯವರ ಜೊತೆ ವಾದ ಮಾಡಿ ಪ್ರಯೋಜನವೇ ಇಲ್ಲ. ಕೆಲಸ ಮಾಡಿ ನೋಡಲು ಬಿಟ್ಟು, ಆದದ್ದನ್ನು ಜೊತೆಗೆ ಕೂತು ನಿಧಾನವಾಗಿ ನೋಡಬೇಕು. ಅದೂ ಸುರಕ್ಷಿತವಾದ ಕೆಲಸದಲ್ಲಿ, ಥೆರಪಿಸ್ಟ್ ಹೇಳಿದ ರೀತಿಯಲ್ಲಿ.

ಕಲಿಸುವ ವಿಷಯದಲ್ಲಿ ಒಂದು ಮಾತು. ನೆನಪಿನ ತೊಂದರೆ ಇರುವವರಿಗೆ ನಾವೆಲ್ಲ ‘ಯೋಚನೆ ಮಾಡಿ, ಹೇಳಿ ನೋಡೋಣ’ ಎಂದು ಒತ್ತಾಯಿಸುತ್ತೇವೆ. ಅಲನ್ ಬ್ಯಾಡ್‌ಲೆ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ತೋರಿಸಿದ್ದು ಇದಕ್ಕೆ ವಿರುದ್ಧ. ತೀವ್ರ ಮರೆವಿನವರು ತಪ್ಪು ಮಾಡಲು ಅವಕಾಶವೇ ಇಲ್ಲದಂತೆ ಕಲಿಸಿದಾಗ ಚೆನ್ನಾಗಿ ಕಲಿಯುತ್ತಾರೆ. ಕಾರಣ ಸರಳ. ನಾವು ತಪ್ಪು ಮಾಡಿದರೆ ಆ ತಪ್ಪನ್ನು ನೆನಪಿಟ್ಟುಕೊಂಡು ತಿದ್ದಿಕೊಳ್ಳುತ್ತೇವೆ. ಅವರಿಗೆ ತಪ್ಪು ಮಾಡಿದ್ದು ನೆನಪಿಲ್ಲ, ಆದರೆ ಬಾಯಿಗೆ ಒಮ್ಮೆ ಬಂದ ತಪ್ಪು ಉತ್ತರ ಮತ್ತೆ ಮತ್ತೆ ಅದೇ ದಾರಿಯಲ್ಲಿ ಬರುತ್ತದೆ. ಆದ್ದರಿಂದ ರೂಮಿನ ನಂಬರ್ ಊಹಿಸಲು ಬಿಡಬೇಡಿ. ನೀವೇ ಹೇಳಿ, ಅವರ ಬಾಯಲ್ಲಿ ಹೇಳಿಸಿ, ಬಾಗಿಲ ಮೇಲೆ ತೋರಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ.

ದೇಹದ ಅಧ್ಯಾಯಗಳನ್ನು ಬೇಗ ಮುಗಿಸುತ್ತೇನೆ, ಅವು ಪುಸ್ತಕದಲ್ಲೇ ಸ್ಪಷ್ಟವಾಗಿವೆ. ಫಿಟ್ಸ್ ಬಂದರೆ ಸುತ್ತಲಿನ ಗಟ್ಟಿ ವಸ್ತು ಸರಿಸಿ, ಪಕ್ಕಕ್ಕೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಏನನ್ನೂ ಇಡಬೇಡಿ, ಹಿಡಿದು ಒತ್ತಬೇಡಿ. 5 ನಿಮಿಷ ದಾಟಿದರೆ ತುರ್ತು ಸಹಾಯ. ನುಂಗುವ ತೊಂದರೆ ಇರುವವರ ಆಹಾರ ಎಷ್ಟು ಮೆತ್ತಗೆ, ನೀರು ಎಷ್ಟು ದಪ್ಪ ಇರಬೇಕೆಂದು ಬರೆದಿದ್ದನ್ನು ಕನಿಕರದಿಂದಲೂ ಮೀರಬೇಡಿ, ಅದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಸುಧಾರಿಸುತ್ತಿದ್ದವರು ಇದ್ದಕ್ಕಿದ್ದಂತೆ ಮಂಕಾದರೆ, ನಡಿಗೆ ಕೆಟ್ಟರೆ, ತಲೆನೋವು ವಾಂತಿ ಶುರುವಾದರೆ ‘ಇವತ್ತು ಮೂಡ್ ಸರಿ ಇಲ್ಲ’ ಎಂದು ಬರೆದು ಸುಮ್ಮನಾಗಬೇಡಿ. ಮೆದುಳಲ್ಲಿ ನೀರು ತುಂಬಿರಬಹುದು, ರಕ್ತ ಸೇರಿರಬಹುದು. ಆ ಕ್ಷಣವೇ ನರ್ಸಿಗೆ ಹೇಳಿ. ಪರೀಕ್ಷೆಯಲ್ಲಿ ‘ಮೊದಲು ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಬಂದರೆ ಮೊದಲು ಸುರಕ್ಷತೆಯ ಉತ್ತರ ಹುಡುಕಿ.

ಮಕ್ಕಳ ಅಧ್ಯಾಯ ಬಿಡಬೇಡಿ, ನಿಮ್ಮಲ್ಲಿ ಮಕ್ಕಳು ಇಲ್ಲದಿದ್ದರೂ. ಚಿಕ್ಕ ವಯಸ್ಸಾದರೆ ಬೇಗ ಸರಿಹೋಗುತ್ತದೆ ಎಂಬ ನಂಬಿಕೆ ಪೂರ್ತಿ ನಿಜವಲ್ಲ. ನಾಲ್ಕು ವರ್ಷಕ್ಕೆ ಪೆಟ್ಟಾದ ಮಗು ಚೆನ್ನಾಗಿಯೇ ಕಾಣಬಹುದು. ಹದಿನಾಲ್ಕರಲ್ಲಿ, ಸ್ವಂತವಾಗಿ ಯೋಜನೆ ಹಾಕಬೇಕಾದ ವಯಸ್ಸಿನಲ್ಲಿ, ಕೊರತೆ ಹೊರಗೆ ಬರುತ್ತದೆ. ಅಷ್ಟರಲ್ಲಿ ಹಳೆಯ ಪೆಟ್ಟನ್ನು ಎಲ್ಲರೂ ಮರೆತಿರುತ್ತಾರೆ.

ಈಗ ನಿಮ್ಮ ಮೇಲೆ ಕೂಗಾಡುವವರು. ನಾನು ಅವರನ್ನು ನೋಡಿಲ್ಲ, ಹಾಗಾಗಿ ಇದು ನಾಲ್ಕನೇ ಹಂತವೇ ಎಂದು ಹೇಳಲಾರೆ. ಅವರ ಹಂತ ಯಾವುದು ಎಂದು ನಿಮ್ಮ ಟೀಮನ್ನು ಕೇಳಿ. ಹೊಸ ನೆನಪು ನಿಲ್ಲದವರಾದರೆ ನೀವು ಅವರಿಗೆ ಪ್ರತಿದಿನ ಹೊಸಬರು. ಗೊತ್ತಿಲ್ಲದ ಜಾಗದಲ್ಲಿ ಗೊತ್ತಿಲ್ಲದ ಹುಡುಗಿ ಬಂದು ಅಂಗಿ ಬಿಚ್ಚಲು ನೋಡಿದರೆ ಯಾರಾದರೂ ಕೈ ಎತ್ತುತ್ತಾರೆ, ಅಲ್ವಾ? ಆಗ ಬುದ್ಧಿ ಹೇಳುವುದರಿಂದ ಏನೂ ಆಗದು. ಎದುರಿನಿಂದ, ಕಾಣುವಂತೆ ಬನ್ನಿ. ಪ್ರತಿ ಸಲ ಹೆಸರು ಹೇಳಿ, ಎಲ್ಲಿದ್ದಾರೆ ಹೇಳಿ, ಏನು ಮಾಡಲಿದ್ದೀರಿ ಹೇಳಿ. ಒಂದು ಸಲಕ್ಕೆ ಒಂದೇ ಮಾತು. ಹೇಳಿದ ಮೇಲೆ ಕಾಯಿರಿ, ನಿಮಗೆ ಮುಜುಗರ ಆಗುವಷ್ಟು ಹೊತ್ತು ಕಾಯಿರಿ. ಉತ್ತರ ಬರುವ ಮೊದಲೇ ಅದೇ ಪ್ರಶ್ನೆಯನ್ನು ಬೇರೆ ಮಾತಲ್ಲಿ ಕೇಳಿದರೆ ಅವರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಟಿವಿ ಆರಿಸಿ. ರೂಮಿನಲ್ಲಿ ಜನ ಕಡಿಮೆ ಇರಲಿ.

ಜೊತೆಗೆ ಒಂದು ವಾರ ಬರೆದಿಡಿ. ಕೂಗಾಟಕ್ಕೆ ಮೊದಲು ಏನಾಯಿತು, ಅವರು ನಿಖರವಾಗಿ ಏನು ಮಾಡಿದರು, ಆಮೇಲೆ ಏನಾಯಿತು. ‘ಸಿಟ್ಟು ಮಾಡಿಕೊಂಡರು’ ಎಂದು ಬರೆಯಬೇಡಿ. ‘ಸ್ನಾನಕ್ಕೆ ಕರೆದಾಗ ಮಗ್ ಎಸೆದರು, ಸ್ನಾನ ಬಿಟ್ಟೆವು’ ಎಂದು ಬರೆಯಿರಿ. ವಾರದ ಕೊನೆಗೆ ಓದಿದರೆ ಏನೋ ಒಂದು ಕಾಣುತ್ತದೆ. ಎಲ್ಲವೂ ಮಧ್ಯಾಹ್ನದ ಥೆರಪಿ ಮುಗಿದ ಮೇಲೆಯೇ ಆಗಿದ್ದರೆ ದಣಿವು. ಸ್ನಾನದ ಹೊತ್ತಿಗೇ ಆಗಿದ್ದರೆ ನೋವೋ, ಚಳಿಯೋ, ನಾಚಿಕೆಯೋ ಇರಬೇಕು. ಕೂಗಿದಾಗಲೆಲ್ಲ ಸ್ನಾನ ತಪ್ಪಿಹೋಗಿದ್ದರೆ, ಕೂಗಿದರೆ ಕೆಲಸ ಆಗುತ್ತದೆ ಎಂದು ನಾವೇ ಕಲಿಸಿದಂತಾಯಿತು. ಮಲಬದ್ಧತೆ, ಮೂತ್ರದ ಸೋಂಕು, ಹೇಳಲಾಗದ ಹಲ್ಲುನೋವು, ಹೊಸ ಮಾತ್ರೆ, ಇವೂ ಕೂಗಿಸುತ್ತವೆ. ಈ ಬರಹವನ್ನು ಥೆರಪಿಸ್ಟ್ ಮತ್ತು ಡಾಕ್ಟರ್ ಕೈಗೆ ಕೊಡಿ. ಇಡೀ ದಿನ ಜೊತೆಗಿರುವುದರಿಂದ ನೀವು ಬಿಟ್ಟರೆ ಇದನ್ನು ಬರೆಯುವವರು ಇನ್ಯಾರೂ ಇಲ್ಲ.

ಎಲ್ಲವನ್ನೂ ಮೆದುಳಿನ ಮೇಲೆ ಹಾಕಿಬಿಡುವುದೂ ಸರಿಯಲ್ಲ. ಐವತ್ತು ವರ್ಷದ ಮನುಷ್ಯನನ್ನು ಮಗುವಿನಂತೆ ರಮಿಸಿದರೆ, ಅವರ ಎದುರೇ ಅವರ ಬಗ್ಗೆ ಮಾತಾಡಿದರೆ ಸಿಟ್ಟು ಬರುವುದು ನ್ಯಾಯವೇ. ಅಂಥ ಕಡೆ ಬದಲಾಗಬೇಕಾದವರು ನಾವು.

ಹಾಗೆಂದು ಪೆಟ್ಟು ತಿನ್ನುವುದು ನಿಮ್ಮ ಕೆಲಸವಲ್ಲ. ಕೈ ಎತ್ತಿದ ಘಟನೆ ಬರವಣಿಗೆಯಲ್ಲಿ ದಾಖಲಾಗಿರಬೇಕು. ಅವರ ಹತ್ತಿರ ಒಬ್ಬರೇ ಹೋಗದಂತೆ ಯೋಜನೆ ಬೇಕಾ ಎಂದು ಕೇಳಿ. ಬಾಗಿಲಿಗೂ ನಿಮಗೂ ನಡುವೆ ಅವರು ಬರದಂತೆ ನಿಲ್ಲಿ. ಕೆರಳಿದವರಿಂದ ಸುರಕ್ಷಿತವಾಗಿ ಬಿಡಿಸಿಕೊಳ್ಳುವ ತರಬೇತಿಯನ್ನು ಕೇಂದ್ರ ಕೊಡಬೇಕು, ಕೊಟ್ಟಿಲ್ಲದಿದ್ದರೆ ಕೇಳಿ ಪಡೆಯಿರಿ. ಕಟ್ಟಿಹಾಕುವುದು, ರೂಮಿನಲ್ಲಿ ಕೂಡಿಹಾಕುವುದು ಇಂಥದನ್ನು ಯಾರು ಹೇಳಿದರೂ ನೀವಾಗಿ ಮಾಡಬೇಡಿ. ಅದು ಡಾಕ್ಟರ ಆದೇಶ, ಕಾನೂನಿನ ಮಿತಿ ಇರುವ ವಿಷಯ, ಪರೀಕ್ಷೆಯ ನೀತಿ ಭಾಗದಲ್ಲೂ ಇದೆ.

ಈ ಕೆಲಸ ನಿಮ್ಮಿಂದ ಆಗುತ್ತದಾ? ಬೈಗುಳಕ್ಕೆ ಬೇಜಾರಾಗುವುದು ಅದಕ್ಕೆ ಉತ್ತರವಲ್ಲ, ಬೇಜಾರು ಎಲ್ಲರಿಗೂ ಆಗುತ್ತದೆ. ನಾನು ನೋಡಿದಂತೆ ಇಲ್ಲಿ ಉಳಿಯದವರು ಎರಡು ಬಗೆ. ರೋಗಿ ಬೇಕೆಂದೇ ಮಾಡುತ್ತಾರೆ ಎಂದು ಕೊನೆಯ ತನಕ ನಂಬುವವರು, ಮತ್ತೆ ನಾನೇ ಇವರನ್ನು ಸರಿಮಾಡುತ್ತೇನೆ ಎಂದು ಹೊರಡುವವರು. ಎರಡನೆಯವರು ಇನ್ನೂ ಬೇಗ ಸುಸ್ತಾಗುತ್ತಾರೆ. ಮೇಲಿನ ಒಂದು ವಾರದ ಬರಹ ಮಾಡಿ ನೋಡಿ. ಬರೆಯುತ್ತಾ ಹೋದಂತೆ ‘ಯಾಕೆ ಹೀಗೆ’ ಎಂಬ ಕುತೂಹಲ ಹುಟ್ಟಿದರೆ ಈ ಕೆಲಸದಲ್ಲಿ ಮುಂದುವರಿಯಿರಿ. ಶಿಫ್ಟಿಗೆ ಹೋಗುವ ಮೊದಲೇ ಹೊಟ್ಟೆ ತೊಳಸುವುದು ನಿಲ್ಲದಿದ್ದರೆ ಬೇರೆ ವಾರ್ಡ್ ಕೇಳಿ. ಹೊರರೋಗಿ ವಿಭಾಗದಲ್ಲಿ, ಮತ್ತೆ ಉದ್ಯೋಗಕ್ಕೆ ಮರಳುವವರಿಗೆ ನೆರವಾಗುವ ಕಡೆ ಕೂಡ ಮೆದುಳಿನ ಪೆಟ್ಟಿನ ಕೆಲಸವೇ ಇದೆ, ಆ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಇನ್ನು ದುಡ್ಡಿನ ಮಾತು. ಶುಲ್ಕವನ್ನು ನಿಮ್ಮ ಜೇಬಿನಿಂದ ಕಟ್ಟುವ ಮೊದಲು ಕೇಂದ್ರದವರನ್ನು ಕೇಳಿ. ಕೆಲವು ಸಂಸ್ಥೆಗಳು ಸಿಬ್ಬಂದಿಯನ್ನು ಗುಂಪಾಗಿ ಕೂರಿಸಿ, ಟ್ರೈನರ್ ಕರೆಸಿ ತಯಾರಿ ಮಾಡಿಸುತ್ತವೆ. ಗುಂಪಿನಲ್ಲಿ ಓದುವುದು ಒಬ್ಬರೇ ಓದುವುದಕ್ಕಿಂತ ಸುಲಭ. ನರ್ಸು ದೇಹದ ಭಾಗ ಹೇಳಿಕೊಡುತ್ತಾರೆ, ನೀವು ನಡವಳಿಕೆಯ ಭಾಗ ಹೇಳಿಕೊಡಬಹುದು. ನ್ಯೂರೋಸೈಕಾಲಜಿ ಓದುವ ಮನಸ್ಸಿದ್ದರೆ ಈ ಪರೀಕ್ಷೆ ಮುಗಿಯುವ ತನಕ ಕಾಯಬೇಡಿ, ಅರ್ಜಿಗಳಿಗೆ ಬೇರೆಯದೇ ಗಡುವು ಇರುತ್ತದೆ. ಸಹಿ ಮಾಡಿಸಿದ ನೋಟ್‌ಬುಕ್ ಅಲ್ಲಿಯ ಸಂದರ್ಶನದಲ್ಲೂ ಉಪಯೋಗಕ್ಕೆ ಬರುತ್ತದೆ.